ಗಾಳಿ ನಿಂತಾಗ ಯಾವ ಮೋಟಾರು

ಹಳೆಯ ಗಣಿಯ ಮೂರನೇ ಸುರಂಗ,
ಕ್ರಿ.ಶ. ೨೩೧೭, ಬಿಸಿಗಾಲದ ನೂರಾ ಆರನೇ ದಿನ.

ಮುಂದೆಂದಾದರೂ ಈ ಲೇತ್‌ನ ಎದುರು ನಿಲ್ಲುವವರಿಗೆ ಮುನಿರತ್ನಳ ನಮಸ್ಕಾರ.

ನನ್ನ ಮಾತುಗಳು ನಿಮ್ಮ ಕಾಲಕ್ಕೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಬಿಸಿಗಾಲವೆಂದರೆ ಮೇಲಿನ ಬಿಸಿಲಿಗೆ ಮೈಯೊಡ್ಡಲಾಗದ ಎಂಟು ತಿಂಗಳು. ಅಷ್ಟೂ ದಿನ ನಾವು ನೂರಾ ಹನ್ನೆರಡು ಜನ ಈ ಚಿನ್ನದ ಗಣಿಯೊಳಗೇ ಇರುತ್ತೇವೆ. ಇಲ್ಲೇ ಅಣಬೆ ಬೆಳೆಯುತ್ತೇವೆ, ಬಂಡೆಯಿಂದ ಜಿನುಗುವ ನೀರು ಹಿಡಿದು ರಾಗಿ ಬೇಯಿಸುತ್ತೇವೆ. ಮೇಲಿನಿಂದ ಗಾಳಿ ಎಳೆದು ತರುವ ದೊಡ್ಡ ಫ್ಯಾನಿಗೆ ಉಸಿರುಗಾಲಿ ಎನ್ನುತ್ತೇವೆ. ಅದನ್ನು ನೋಡಿಕೊಳ್ಳುವವರು ನನ್ನ ಸೋದರಮಾವ ಸೊಣ್ಣಪ್ಪ. ನಾನು ಮಕ್ಕಳಿಗೆ ಪಾಠ ಹೇಳುವವಳು. ಬಿಡುವಿನಲ್ಲಿ ಈ ಪುಟ್ಟ ಲೇತ್‌ನಲ್ಲಿ ಬುಗುರಿ ಕಡೆಯುವುದು ನನ್ನ ಹವ್ಯಾಸ.

ಮೊನ್ನೆ ಉಸಿರುಗಾಲಿ ನಿಂತಿತು. ಅದರ ಅಚ್ಚು ತಿರುಗುವ ಹಿತ್ತಾಳೆಯ ಬಳೆ, ಅಂದರೆ ಬುಷ್, ಸವೆದು ಒಡೆದಿತ್ತು. ಹೊಸದನ್ನು ಕಡೆಯಲು ಇದ್ದದ್ದು ನನ್ನ ಲೇತ್ ಒಂದೇ. ಅದಕ್ಕೆ ಮೋಟಾರುಗಳು ಎರಡು. ಒಂದು ಬ್ರಷ್ ಇರುವುದು. ಒಳಗೆ ಬ್ರಷ್ ಎನ್ನುವ ಇದ್ದಿಲಿನಂಥ ಎರಡು ತುಂಡುಗಳು ತಾಮ್ರಕ್ಕೆ ಉಜ್ಜಿಕೊಂಡು ಕರೆಂಟು ದಾಟಿಸುತ್ತವೆ. ನಿಧಾನವಾಗಿ ತಿರುಗಿಸಿದರೂ ಬಲ ಬಿಡುವುದಿಲ್ಲ, ಆದರೆ ನೀಲಿ ಕಿಡಿ ಹಾರುತ್ತದೆ. ಇನ್ನೊಂದು ಬ್ರಷ್ ಇಲ್ಲದ್ದು. ಅದರಲ್ಲಿ ಕಿಡಿಯಿಲ್ಲ, ಆದರೆ ಅದನ್ನು ನಡೆಸುವುದು ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡು. ಅಂಥದ್ದನ್ನು ಮಾಡಬಲ್ಲವರು ಈಗ ಯಾರೂ ಇಲ್ಲ. ಲೇತ್ ಇರುವುದು ಬ್ಯಾಟರಿ ಕೋಣೆಯಲ್ಲಿ. ಬೇರೆಡೆಗೆ ಒಯ್ಯಲು ಅಷ್ಟುದ್ದದ ತಂತಿ ಇಲ್ಲ. ಗಾಳಿಯಾಡದಿದ್ದರೆ ಬ್ಯಾಟರಿಗಳು ಬಿಡುವ ಗ್ಯಾಸು ಅಲ್ಲೇ ಮೇಲುಗಡೆ ಕಟ್ಟಿಕೊಳ್ಳುತ್ತದೆ. ಒಂದು ಕಿಡಿ ಸಾಕು.

"ಬ್ರಷ್ ಮೋಟಾರು ಯಾವತ್ತೂ ಕೈಕೊಟ್ಟಿಲ್ಲ ಕಣಮ್ಮ. ಅದನ್ನೇ ಇಕ್ಕು," ಎಂದರು ಮಾವ.

"ಗ್ಯಾಸು ಹತ್ಕೊಂಡ್ರೆ ಮಾವ?"

"ಉಸ್ರೇ ಇಲ್ದಿದ್ಮೇಲೆ ಹತ್ಕೊಂಡ್ರೇನು, ಬಿಟ್ರೇನು?"

ಪಕ್ಕದ ಸುರಂಗದಲ್ಲಿ ಮಕ್ಕಳು ಬಾಯಿ ತೆರೆದು ಉಸಿರೆಳೆಯುವುದು ಕೇಳಿಸುತ್ತಿತ್ತು. ಬ್ರಷ್ ಇಲ್ಲದ್ದನ್ನೇ ಕಟ್ಟಿದೆ. ನಿಧಾನಕ್ಕಿಟ್ಟರೆ ಅದು ತಡವರಿಸಿ ನಿಲ್ಲುತ್ತಿತ್ತು. ಹಾಗಾಗಿ ಜೋರಾಗಿ ಓಡಿಸಿ, ಕೂದಲೆಳೆಯಷ್ಟೇ ಹಿತ್ತಾಳೆ ಹೆರೆಯುತ್ತ ಹೋದೆ. ಮೂರು ಗಂಟೆ ಕಳೆದು, ಇನ್ನು ಕೊಂಚವೇ ಉಳಿದಿದೆ ಎನ್ನುವಾಗ ಬೋರ್ಡಿನಿಂದ ಸುಟ್ಟ ವಾಸನೆ ಬಂತು. ನಾನು ತಂತಿ ಕಿತ್ತೆ. ಇಬ್ಬರೂ ಕಣ್ಣು ಮುಚ್ಚಿ ನಿಂತೆವು. ಏನೂ ಹೊತ್ತಿಕೊಳ್ಳಲಿಲ್ಲ.

ಬೋರ್ಡು ಸತ್ತಿತ್ತು. ಮಾವ ಲೇತ್ ಅನ್ನು ಕೈಯಿಂದಲೇ ತಿರುಗಿಸಿದರು, ನಾನು ಉಪ್ಪುಕಾಗದ ಹಿಡಿದು ಉಜ್ಜಿದೆ. ಕೊನೆಗೂ ಬುಷ್ ಕೂತಿತು. ಉಸಿರುಗಾಲಿ ತಿರುಗಿ ಮುಖಕ್ಕೆ ಗಾಳಿ ಸೋಕಿದಾಗ ಮಾವ ಕುಸಿದು ಕೂತು ಅತ್ತುಬಿಟ್ಟರು.

ಆದರೆ ಕೈಯಲ್ಲಿ ಉಜ್ಜಿದ ಆ ಬುಷ್ ಸರಿಯಾಗಿ ದುಂಡಗಿಲ್ಲ. ನಿನ್ನೆಯಿಂದ ಗಾಲಿ ಗೊರಗೊರ ಎನ್ನುತ್ತಿದೆ, ಗಾಳಿ ಅರ್ಧಕ್ಕಿಳಿದಿದೆ. ಅದು ಪೂರ್ತಿ ನಿಲ್ಲುವ ಮೊದಲು, ಇವತ್ತೇ, ಇನ್ನೊಂದನ್ನು ಕಡೆಯಬೇಕು. ಉಳಿದಿರುವುದು ಕಿಡಿ ಹಾರಿಸುವ ಮೋಟಾರು. ಈ ಅರ್ಧ ಗಾಳಿಗೆ ಗ್ಯಾಸು ಎಷ್ಟು ಹೋಗಿದೆಯೋ, ಎಷ್ಟು ಉಳಿದಿದೆಯೋ ಹೇಳುವವರಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಗಾಳಿ ಚೆನ್ನಾಗಿ ಆಡುತ್ತಿರುವಾಗಲೇ ಬುಷ್‌ಗಳನ್ನು ಕಡೆದಿಟ್ಟುಕೊಳ್ಳಿ. ಆಗ ಬ್ರಷ್ ಮೋಟಾರಿನಷ್ಟು ನಂಬಿಕೆಯದು ಬೇರೆಯಿಲ್ಲ. ಗಾಳಿ ನಿಂತ ಮೇಲೆ ಅದರ ಸ್ವಿಚ್ಚು ಮುಟ್ಟಬೇಡಿ. ನಾನು ವರ್ಷಗಟ್ಟಲೆ ಬುಗುರಿ ಕಡೆದೆ; ಒಂದು ಬುಷ್ ಹೆಚ್ಚಿಗೆ ಮಾಡಿಡಬೇಕೆಂದು ತೋಚಲೇ ಇಲ್ಲ.

ಜನರನ್ನೆಲ್ಲ ದೂರದ ಸುರಂಗಕ್ಕೆ ಕಳಿಸಿದ್ದೇವೆ. ನನಗೆ ಬಹಳ ಭಯವಾಗುತ್ತಿದೆ. ಮಾವನಿಗೂ ಹೋಗಲು ಹೇಳಿದೆ. ಅವರು ಟಾರ್ಚು ತಂದು ನನ್ನ ಪಕ್ಕದಲ್ಲೇ ನಿಂತರು.

"ನಿನ್ನ ಕೈಗೆ ಬೆಳಕು ಹಿಡ್ಯೋರು ಯಾರಮ್ಮ ಮತ್ತೆ?" ಎಂದರು.