ಕ್ಲಾಸಿನಲ್ಲಿ ಬೀಗರ ಕುರ್ಚಿ

ತಿರ್ಲಾಪುರ
೧೮-೯-೧೯೮೪

ಈರಬಸಪ್ಪ ಸರ್ ಅವರಿಗೆ,

ಬೀಗರೇ ಎಂದು ಬೇಕಂತಲೇ ಬರೆದಿಲ್ಲ. ನನ್ನ ಮಗಳು ನಿಮ್ಮ ತಮ್ಮನ ಹೆಂಡತಿ, ನಿಜ. ಆದರೆ ಅವಳ ಮದುವೆ ಮುಗಿಸಿ, ಎಂದೋ ಬಿಟ್ಟಿದ್ದ ಓದು ಹಿಡಿದು ಬಿ.ಎ. ಸೇರಿದ ಮೇಲೆ ನಾನು ನಿಮ್ಮ ವಿದ್ಯಾರ್ಥಿನಿ. ನೀವೋ ಮೊದಲ ದಿನವೇ ಬೆಂಚಿನಿಂದ ಎಬ್ಬಿಸಿ, ನಿಮ್ಮ ಕುರ್ಚಿ ತಂದು ಹಾಕಿ, "ಕುಂದರ್ರಿ ಬೀಗರ, ಚಾ ಆತೇನ್ರಿ?" ಅಂದಿರಿ. ಹುಡುಗಿಯರು ಇನ್ನೂ ನಗುತ್ತಾರೆ.

ಅದನ್ನು ನುಂಗಿಕೊಂಡೆ. ನಿನ್ನೆಯದನ್ನು ನುಂಗಲಾಗಲಿಲ್ಲ. ಇತಿಹಾಸದ ಟೆಸ್ಟಿನಲ್ಲಿ ವಿಜಯನಗರದ ಬಗ್ಗೆ ಕೇಳಿದರೆ ನಾನು ಬಹಮನಿಯವರ ಬಗ್ಗೆ ಬರೆದಿದ್ದೆ. ಅದೇ ತಪ್ಪಿಗೆ ಮುಂದಿನ ಬೆಂಚಿನ ಸಾವಂತ್ರಿಯನ್ನು ಪೀರಿಯಡ್ ಮುಗಿಯುವವರೆಗೆ ನಿಲ್ಲಿಸಿ, ಉತ್ತರ ಬಾಯಿಪಾಠ ಬರುವ ತನಕ ಕೇಳಿದಿರಿ. ನನ್ನ ಪೇಪರನ್ನು ಮಾತ್ರ "ಅಗದಿ ಚಲೋ ಬರದೀರಿ" ಎಂದು ಎರಡೂ ಕೈಯಿಂದ ಕೊಟ್ಟಿರಿ.

ಯೂನಿವರ್ಸಿಟಿಯಲ್ಲಿ ಪೇಪರ್ ನೋಡುವವರು ನಮ್ಮ ಬೀಗರಲ್ಲ, ಸರ್. ಅಲ್ಲಿ ಫೇಲಾದರೆ ನಮ್ಮ ಮನೆಯವರು, "ಈ ವಯಸ್ಸಿನ್ಯಾಗ ಯಾಕ ಬೇಕಾಗಿತ್ತ ನಿನಗ?" ಎಂದು ಪುಸ್ತಕಗಳನ್ನು ಅಟ್ಟಕ್ಕೆ ಹಾಕುತ್ತಾರೆ. ಆಮೇಲೆ ಅವು ಕೆಳಗಿಳಿಯುವುದಿಲ್ಲ.

ಆದ್ದರಿಂದ ನಾಳೆ ಆ ಕುರ್ಚಿ ತೆಗೆಸಿರಿ. ಮೊದಲ ಪ್ರಶ್ನೆ ನನಗೇ ಕೇಳಿರಿ. ಉತ್ತರ ಬರದಿದ್ದರೆ ಸಾವಂತ್ರಿಯಂತೆ ನಿಲ್ಲಿಸಿರಿ. ನನ್ನ ಕಾಲು ನೋಯುತ್ತವೆಂದು ಸಂಕೋಚ ಬೇಡ. ನೀವು ನಮ್ಮಲ್ಲಿ ಊಟಕ್ಕೆ ಬಂದಾಗಲೆಲ್ಲ, ನಿಮ್ಮ ಪಂಕ್ತಿ ಏಳುವವರೆಗೆ ನಾನು ನಿಂತೇ ಇರುತ್ತೇನೆ. ಅಲ್ಲಿ ನೀವು ಒಮ್ಮೆಯೂ "ಕುಂದರ್ರಿ" ಅಂದಿಲ್ಲ.

ಇತಿ,
ನಿಮ್ಮ ವಿದ್ಯಾರ್ಥಿನಿ
ಮಹಾದೇವಕ್ಕ