ಬೀಡಿ ಕಟ್ಟುವ ಕೈಗಳ ತಾಳ

ಪುಂಜಾಲಕಟ್ಟೆ
9 ಫೆಬ್ರವರಿ 2025

ಪ್ರೀತಿಯ ಶಬ್ನಾ,

ನೀನೂ ಮಗ ಫಾಝಿಲನೂ ದಮಾಮಿನಲ್ಲಿ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಎಷ್ಟೋ ಸಲ ಫೋನು ಮಾಡಿದೆ, ನಾನು ಎತ್ತಲಿಲ್ಲ. ಕೋಪ ಮಾಡಬೇಡ ಮಾರಾಯ್ತಿ. ಕಾಗದವೂ ತಡವಾಯಿತು. ನಾವಿಬ್ಬರೂ ತುಳುವಿನಲ್ಲೇ ನಗಾಡಿ ಜಗಳವಾಡಿದವರು. ಬರೆಯಲು ಕುಳಿತರೆ ಮಾತ್ರ ನನಗೆ ಶಾಲೆಯ ಕನ್ನಡವೇ ಬರುತ್ತದೆ. ಸಹಿಸಿಕೋ.

ಕಳೆದ ಭಾನುವಾರ ಮೂಡುಬಿದಿರೆಯಲ್ಲಿ ನನ್ನ ಮಗಳ ಕಾರ್ಯಕ್ರಮ ಆಯಿತು. ನನ್ನ ಮಗಳು ಎಂದೆ, ನಿನ್ನವಳೂ ಹೌದು. ನಿಮ್ಮ ಮನೆಯ ಜಗಲಿಯಲ್ಲಿ ನಾವು ಬೀಡಿ ಕಟ್ಟುವಾಗ ನಡುವೆ ಕೂತು ಬೀಡಿಯ ಖಾಲಿ ಮೊರ, ನಮ್ಮ ತಡ್ಪೆ, ಅದರ ಬೆನ್ನಿಗೆ ಬಡಿಯುತ್ತಿದ್ದವಳಲ್ಲವೇ ಮೋಕ್ಷಿತಾ? ಪಕ್ಕದ ತಡ್ಪೆಯ ತಂಬಾಕು ಚೆಲ್ಲುತ್ತದೆಂದು ನಾನು ಗದರಿದರೆ, "ಬಡಿಯಲಿ ಬಿಡು, ನನ್ನ ಕೈ ಬೇಗ ಓಡ್ತದೆ" ಎಂದವಳು ನೀನು.

ವೆಂಕಪ್ಪ ಮಾಸ್ತರರಲ್ಲಿ ಮೃದಂಗ ಕಲಿಯಲು ಅವಳು ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದದ್ದು ನಿನಗೆ ಗೊತ್ತು. ಅಲ್ಲಿಂದ ಮುಂದಿನದ್ದು ಹೇಳುತ್ತೇನೆ. ಮೊದಲು ಭರತನಾಟ್ಯಕ್ಕೆ ಪಕ್ಕವಾದ್ಯ ನುಡಿಸಿದಳು. ಒಂದು ಕಡೆ ಗಾಯಕರೊಬ್ಬರು, ಹೆಣ್ಣು ಮೃದಂಗಕ್ಕೆ ಕೂತರೆ ತಾನು ಹಾಡುವುದಿಲ್ಲ ಎಂದು ಎದ್ದು ಹೋದರಂತೆ. ಇವಳು ಏಳಲಿಲ್ಲ. ಖಾಲಿಯಾದ ಆ ಹೊತ್ತನ್ನು ಒಬ್ಬಳೇ ನುಡಿಸಿ ತುಂಬಿಸಿದಳು. ಸ್ವಂತ ರಚನೆ ಶುರುವಾದದ್ದು ಆವತ್ತು. ಆಮೇಲೆ ನಾಟಕಗಳಿಗೆ, ನೃತ್ಯರೂಪಕಗಳಿಗೆ ಸಂಗೀತ ಕೂರಿಸಿದಳು. ಈಗ ಬಂಟ್ವಾಳ, ಬೆಳ್ತಂಗಡಿ ಕಡೆಯ ಮಕ್ಕಳು ಅವಳಲ್ಲಿಗೆ ಕಲಿಯಲು ಬರುತ್ತಾರೆ. "ವೇಗ ಯಾರಿಗೂ ಬರ್ತದೆ. ಕೈ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಲಿಕ್ಕೆ ವರ್ಷಗಟ್ಟಲೆ ಬೇಕು" ಎಂದು ಅವರಿಗೆ ಹೇಳುತ್ತಿರುತ್ತಾಳೆ.

ಮೂಡುಬಿದಿರೆಯವರು ಈ ಸಲ ಇಡೀ ಸಂಜೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಅದಕ್ಕೆಂದೇ ಹೊಸದೊಂದು ರಚನೆ ಮಾಡಿದಳು. ಮೃದಂಗ, ಘಟ, ಚೆಂಡೆ, ಜೊತೆಗೆ ಬೀಡಿ ಕಟ್ಟುವ ಹೆಂಗಸರು! ಎಲೆ ಕತ್ತರಿಸುವ ಸದ್ದು, ತಡ್ಪೆ ಕುಟ್ಟುವ ಸದ್ದು, ಎಲ್ಲವೂ ತಾಳದೊಳಗೆ. ಸಂಘಟಕರಿಗೆ ಗಾಬರಿ. "ವೇದಿಕೆ ಮೇಲೆ ಬೀಡಿ ಎಲ್ಲ ಬೇಡ ಮೇಡಂ, ದೊಡ್ಡವರು ಬರ್ತಾರೆ. ಆ ಸದ್ದು ಬೇಕಾದರೆ ರೆಕಾರ್ಡ್ ಮಾಡಿ ಹಾಕುವ" ಎಂದರಂತೆ. "ಹೆಂಗಸರು ಬೇಡವಾದರೆ ನಾನೂ ಬರುವುದಿಲ್ಲ" ಎಂದು ಹೇಳಿ ಮನೆಗೆ ಬಂದಳು. ಊಟಕ್ಕೆ ಕೂತಾಗ ನಮಗೆ ಹೇಳಿದಳು.

ಇವರು ಕೇಳಿದರು, "ಬಂದ ಅವಕಾಶ ಬಿಡ್ತೀಯಾ ಮಗಾ?"

"ಅಪ್ಪ, ಕೆಲಸ ಮಾಡುವ ಕೈಯಲ್ಲಿ ತಾಳ ಮೊದಲೇ ಉಂಟು. ನಾನು ಕೇಳಿ ಜೋಡಿಸುವವಳು ಅಷ್ಟೆ. ಕೈಗಳನ್ನು ಹೊರಗೆ ನಿಲ್ಲಿಸಿ ಸದ್ದು ಮಾತ್ರ ಒಳಗೆ ಕರೆಯುವುದು ಹೇಗೆ?"

ಸಭೆಗೆ ಅತಿಥಿಯಾಗಿ ಕರೆದಿದ್ದ ವೆಂಕಪ್ಪ ಮಾಸ್ತರರಿಗೆ ಸುದ್ದಿ ಮುಟ್ಟಿತು. ಅವಳಿಲ್ಲದ ಸಭೆಗೆ ತಾನೂ ಬರುವುದಿಲ್ಲ ಎಂದುಬಿಟ್ಟರು. ಸಂಘಟಕರೇ ನಮ್ಮ ಮನೆಗೆ ಬಂದು ಒಪ್ಪಿ ಹೋದರು.

ಹೆಂಗಸರ ಸಾಲಿನಲ್ಲಿ ಮೊದಲು ಕೂರಬೇಕೆಂದು ನನ್ನನ್ನು ಕರೆದಳು. ನನ್ನಿಂದಾಗದು ಎಂದೆ. ಬೇಸರಪಟ್ಟಳು.

ಶಬ್ನಾ, ನೀನು ಆ ಸಂಜೆ ನೋಡಬೇಕಿತ್ತು. ನಮ್ಮೂರ ಹೆಂಗಸರು ಇಸ್ತ್ರಿ ಹಾಕಿದ ಸೀರೆಯುಟ್ಟು, ತಡ್ಪೆಯನ್ನು ಮಡಿಲಲ್ಲಿಟ್ಟು ದೀಪದ ಬೆಳಕಿನಲ್ಲಿ ಕೂತಿದ್ದರು. ನಡುವೆ ಮೋಕ್ಷಿತಾ. ಅವಳು ಗದ್ದ ಎತ್ತಿದ್ದೇ ತಡ, ಕತ್ತರಿಗಳೆಲ್ಲ ಒಟ್ಟಿಗೆ ಬಾಯಿ ತೆರೆದವು. ಚೆಂಡೆಯವರು ಕೋಲು ಎತ್ತಿ ಹಿಡಿದು ಅವಳ ಕಣ್ಸನ್ನೆಗೆ ಕಾಯುತ್ತಿದ್ದರು, ಅಷ್ಟು ಹಿರಿಯರು! ಮುಂದಿನ ಸಾಲಿನ ದೊಡ್ಡವರೊಬ್ಬರ ಕಾಲು ಅವರಿಗೇ ತಿಳಿಯದೆ ನೆಲ ತಟ್ಟುತ್ತಿತ್ತು. ಕೊನೆಗೆ ಸಭೆಯೆಲ್ಲ ಎದ್ದು ನಿಂತಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಇವಳೇನಾ ಎಂದು ನೋಡಿದೆ.

ಮೈಕಿನಲ್ಲಿ ಅವಳು ಆಡಿದ್ದನ್ನು ಇವರು ಬಸ್ಸಿನಲ್ಲಿ ನನಗೆ ಇನ್ನೊಮ್ಮೆ ಹೇಳಿದರು: "ನನ್ನ ಮೊದಲ ಪಾಠ ಆದದ್ದು ಪುಂಜಾಲಕಟ್ಟೆಯ ಒಂದು ಜಗಲಿಯಲ್ಲಿ. ಕಲಿಸಿದವರು ಅಮ್ಮ, ಮತ್ತೆ ನಮ್ಮ ಶಬ್ನಾಕ್ಕ." ನಿನ್ನ ಹೆಸರು ಅಷ್ಟು ಜನರೆದುರು!

ಫಾಝಿಲನ ಮಕ್ಕಳ ತಲೆಯನ್ನು ನನ್ನ ಪರವಾಗಿ ಒಮ್ಮೆ ನೇವರಿಸು. ಮನೆಯವರೆಲ್ಲ ಚೆನ್ನಾಗಿರಿ, ಉಂಡು ನಕ್ಕು ನೂರು ಕಾಲ ಬಾಳಿ.

ನಿನ್ನ
ಸೇಸಮ್ಮ

ತಾ.ಕ.: ಇಷ್ಟು ಬರೆದೂ ಬರೆಯಬೇಕಾದದ್ದನ್ನು ಬರೆಯಲಿಲ್ಲ. ಅಂದು ಮಗಳು ನುಡಿಸಿದ್ದರಲ್ಲಿ ಒಂದು ಪೆಟ್ಟೂ ನನಗೆ ಕೇಳಲಿಲ್ಲ ಶಬ್ನಾ. ಕುರ್ಚಿಯ ಕೈ ಹಿಡಿದು ಕೂತಿದ್ದೆ. ಅದು ನಡುಗುವುದು ಮಾತ್ರ ತಿಳಿಯುತ್ತಿತ್ತು. ಒಂದು ಕಿವಿ ದೀಪಾವಳಿಗೆ ಮೊದಲೇ ಹೋಯಿತು. ಇನ್ನೊಂದರಲ್ಲಿ, ಎದುರು ಕೂತು ಬಾಯಿ ನೋಡಿದರೆ ಮಾತು ತಿಳಿಯುತ್ತದೆ, ಅಷ್ಟೇ. ಮೆಷಿನ್ ಇಟ್ಟರೂ ವಾದ್ಯ ಮೊದಲಿನಂತೆ ಕೇಳಲಿಕ್ಕಿಲ್ಲ ಎಂದಿದ್ದಾರೆ ಬೆಳ್ತಂಗಡಿಯ ಡಾಕ್ಟರು. ಫೋನು ಎತ್ತದ್ದು ಅದಕ್ಕೇ. ಇವರಿಗೂ ಅರ್ಧವೇ ಗೊತ್ತು.

ಏನೇ ಹೊಸದು ಕಟ್ಟಿದರೂ ಅವಳು ಮೊದಲು ನನ್ನೆದುರು ನುಡಿಸಿ "ಹೇಗುಂಟು ಅಮ್ಮ?" ಎಂದು ಕೇಳುವುದು. ಇದನ್ನೂ ಹಾಗೆಯೇ ನುಡಿಸಿ ಕೇಳಿದಳು. ಅವಳ ಮುಖ ನೋಡಿ "ಲಾಯ್ಕ ಉಂಟು" ಎಂದೆ. ನಿಜ ಹೇಳಿದರೆ ಕಾರ್ಯಕ್ರಮ ಬಿಟ್ಟು ನನ್ನನ್ನು ಆಸ್ಪತ್ರೆ ಆಸ್ಪತ್ರೆ ತಿರುಗಿಸುತ್ತಿದ್ದಳು. ತಾಳವೇ ಕೇಳದವಳು ಸಾಲಿನ ಮೊದಲಲ್ಲಿ ಹೇಗೆ ಕೂರಲಿ? ಅವಳು ಬೇರೆಯೇ ತಿಳಿದಿದ್ದಾಳೆ. ಸಭೆ ಮುಗಿದ ಮೇಲೆ ನನ್ನ ಕೈ ಹಿಡಿದು, "ಬೀಡಿ ಕಟ್ಟಿದ್ದು ಹೇಳಿಕೊಳ್ಳಲಿಕ್ಕೆ ನಿನಗೆ ಅಷ್ಟು ನಾಚಿಕೆಯಾ ಅಮ್ಮ?" ಎಂದಳು. ಇಲ್ಲ ಎಂದೆ. ನಂಬಲಿಲ್ಲ.

ಇಂದು ಸಂಜೆ ಮನೆಗೆ ಬರುತ್ತಾಳೆ. ಹೇಳಿಬಿಡುತ್ತೇನೆ. ಅಮ್ಮ ನಾಚಿದಳು ಎಂದು ನಂಬಿಕೊಂಡಿರುವುದಕ್ಕಿಂತ, ಅಮ್ಮನಿಗೆ ಕಿವಿ ಕೇಳುವುದಿಲ್ಲ ಎಂದು ಅವಳು ಒಮ್ಮೆ ಅತ್ತುಬಿಡುವುದೇ ಮೇಲು.