ಒಂದೇ ಸಲ ಬಂದವರು

ಮಾರ್ಚ್ ೧೨, ಗುರುವಾರ

ನಮ್ಮ ಆಸ್ಪತ್ರೆಯ ಕಂಪ್ಯೂಟರಿನಲ್ಲಿ, ರಕ್ತಪರೀಕ್ಷೆಯ ದಾಖಲೆಗಳ ಟೇಬಲ್ ಮೇಲೆ ಇವತ್ತು ಒಂದು ಕ್ವೆರಿ, ಅಂದರೆ ಹುಡುಕುವ ಆದೇಶ, ಓಡಿಸಿದೆ. ಅದರೊಳಗಿನ ಸಣ್ಣ ಆದೇಶ, ಸಬ್‌ಕ್ವೆರಿ, ಎರಡೆರಡು ರಕ್ತದ ಗುಂಪು ದಾಖಲಾದ ರೋಗಿಗಳನ್ನು ಹುಡುಕುತ್ತದೆ. ಹೊರಗಿನ ಕ್ವೆರಿ ಅವರ ಸಾಲುಗಳನ್ನೆಲ್ಲ ಎದುರಿಗಿಡುತ್ತದೆ. ಒಬ್ಬರೂ ಬರಬಾರದಿತ್ತು. ಹನ್ನೊಂದು ಜನ ಬಂದರು.

ಆ ತಪ್ಪು ಸಾಲುಗಳನ್ನು ತುಂಬಿದ್ದು ನಾನೇ. ಮೇಲಿನ ಸಾಲನ್ನು ನಕಲು ಮಾಡಿ, ಬೇಕಾದ್ದನ್ನಷ್ಟೇ ಬದಲಿಸುವುದು ನನ್ನ ಹಳೇ ಚಾಳಿ. ಹೆಸರು ಬದಲಿಸಿದ್ದೆ, ಗುಂಪು ಮರೆತಿದ್ದೆ.

ಲ್ಯಾಬಿನ ಅಕ್ಕನಿಗೆ ಹೇಳಿದೆ. "ಒಬ್ಬೊಬ್ಬರಿಗೆ ಎರಡೆರಡು ರಕ್ತ ಹರಿಸಿಬಿಟ್ಯಲ್ಲೇ ಮಹಾರಾಯ್ತಿ!" ಅಂದರು. ನನ್ನ ಮುಖ ನೋಡಿ, "ಹೆದರಬೇಡ, ಹನ್ನೊಂದೂ ಜನರನ್ನ ಕರೆಸಿ ಮತ್ತೆ ಪರೀಕ್ಷೆ ಮಾಡಿಸ್ತೀನಿ" ಅಂದರು. ಹೋದ ಜೀವ ಬಂದ ಹಾಗಾಯಿತು.

ಹಾಸಿಗೆಗೆ ಬಂದ ಮೇಲೆ ಹೊಳೆಯಿತು. ಪರೀಕ್ಷೆಗೆ ಎರಡು ಸಲ ಬಂದವರಷ್ಟೇ ಆ ಕ್ವೆರಿಗೆ ಸಿಕ್ಕಿಬೀಳುತ್ತಾರೆ. ಒಂದೇ ಸಲ ಬಂದವರ ಸಾಲು ತಪ್ಪಾಗಿದ್ದರೆ, ಹೋಲಿಸಿ ನೋಡಲು ಇನ್ನೊಂದು ಸಾಲೇ ಇಲ್ಲ.

ಅಪ್ಪ ಬಂದದ್ದು ಒಂದೇ ಸಲ. ಅವರ ಸಾಲನ್ನೂ ನಾನೇ ತುಂಬಿದ್ದು. ಆ ಸಾಲು ನೋಡಿ ಅಚ್ಚುಹಾಕಿಕೊಟ್ಟ ರಕ್ತದ ಗುಂಪಿನ ಕಾರ್ಡನ್ನು ಅವರು ಅಂಗಿ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಾರೆ. ಪಕ್ಕದ ಕೋಣೆಯಿಂದ ಗೊರಕೆ ಕೇಳಿಸುತ್ತಿದೆ. ಎಬ್ಬಿಸಿ ಏನಂತ ಹೇಳಲಿ? ಆ ದಿನ ಅವರ ಮೇಲಿನ ಸಾಲಿನಲ್ಲಿ ಯಾರಿದ್ದರು?